ಪೀಪಿ ಮಾಸ್ಟರೂ ಚೆಲುವಾಜಮ್ಮನ ತೆಪ್ಪವೂ

ನಮ್ಮ ಮಾಸ್ಟರು ತೀರಿಕೊಂಡ ಮೇಲೆ ನಂಜನಗೂಡಿನಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದವರಲ್ಲಿ ಒಬ್ಬರು ಅವರನ್ನು ಮೃದುಭಾಷಿ ಎಂದರು. ಇನ್ನೊಬ್ಬರು ಅಜಾತಶತ್ರು ಎಂದರು. ಮೂರನೆಯವರಿಗೆ ಮಾಸ್ಟರ ಮುಖಪರಿಚಯವೂ ಇರಲಿಲ್ಲವೆಂದು ಕಾಣುತ್ತದೆ, ಶಿಷ್ಯರನ್ನು ಸ್ವಂತ ಮಕ್ಕಳಂತೆ ಕಂಡವರು ಎಂದರು. ಶಿಷ್ಯರಾದ ನಾವು ಹಿಂದಿನ ಸಾಲಿನಲ್ಲಿ ಕೂತು, ಹಾರ ಹಾಕಿದ್ದ ಫೋಟೋದ ಕಡೆ ನೋಡಿದೆವು. ಅಪಸ್ವರ ಊದಿದವರನ್ನು ನೋಡುವ ಹಾಗೆ ಅವರು ಫೋಟೋದೊಳಗಿಂದಲೂ ನಮ್ಮನ್ನೇ ನೋಡುತ್ತಿದ್ದರು.

ಸತ್ತವರ ಮೇಲೆ ಇಂಥ ಆರೋಪ ಹೊರಿಸಿದರೆ ಅವರು ಎದ್ದು ಬಂದು ಅಲ್ಲಗಳೆಯುವ ಹಾಗಿಲ್ಲ. ಅದಕ್ಕೇ ಅವರ ಪರವಾಗಿ ನಾನು ಬರೆಯುತ್ತಿದ್ದೇನೆ. ಮಾಸ್ಟರು ಮೃದುವಾಗಿ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ. ಶತ್ರುಗಳ ವಿಷಯಕ್ಕೆ ಬಂದರೆ, ಅವರು ಸಂಜೆ ವಾಕಿಂಗ್ ಹೊರಟದ್ದು ಕಂಡರೆ ಇಬ್ಬರು ಮೂವರಾದರೂ ಪಕ್ಕದ ಗಲ್ಲಿಗೆ ನುಗ್ಗಿಬಿಡುತ್ತಿದ್ದರು. ಶಿಷ್ಯರನ್ನು ಮಕ್ಕಳಂತೆ ಕಂಡರು ಎನ್ನುವುದು ಮಾತ್ರ ನಿಜವಿರಬಹುದು. ಅವರ ಸ್ವಂತ ಮಗನೂ ಅವರ ಜೊತೆ ಮಾತು ಬಿಟ್ಟಿದ್ದ.

ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ, ಬ್ಯಾಂಡ್ ಮಾಸ್ಟರಾಗಿ ರಿಟೈರಾದ ಮನುಷ್ಯ. ಹೆಂಡತಿಯ ತವರು ನಂಜನಗೂಡಾದ್ದರಿಂದ ಇಲ್ಲಿಗೆ ಬಂದು ನೆಲೆಸಿದರು. ಹಿಟ್ಟಿನ ಗಿರಣಿಯ ಮೇಲಿನ ಮಹಡಿಯನ್ನು ಬಾಡಿಗೆಗೆ ಹಿಡಿದು ಕ್ಲಾಸು ತೆರೆದರು. ಕೆಳಗೆ ರಾಗಿ ಬೀಸುವಾಗ ಮೇಲೆ ನಾವು ಊದಬೇಕು. ಗಿರಣಿಯ ಸದ್ದು ಒಂದೇ ಶ್ರುತಿಯಲ್ಲಿ ಇರುತ್ತದೆಂದೂ, ನಮಗಿಂತ ಅದೇ ವಾಸಿಯೆಂದೂ ಮಾಸ್ಟರು ಹೇಳುತ್ತಿದ್ದರು. ಕ್ಲಾಸು ಮುಗಿಸಿ ಮನೆಗೆ ಹೋದರೆ ನನ್ನ ತಲೆಗೂದಲಲ್ಲಿ ಹಿಟ್ಟು ಇರುತ್ತಿತ್ತು. ಸಂಗೀತಕ್ಕೆ ಹೋಗಿದ್ದೆ ಎಂದರೆ ನನ್ನ ಅತ್ತೆ ನಂಬುತ್ತಿರಲಿಲ್ಲ.

ಯಾರನ್ನೂ ಅವರು ಹೆಸರು ಹಿಡಿದು ಕರೆದವರಲ್ಲ. ವಾದ್ಯವೇ ನಮ್ಮ ಹೆಸರು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಕೊಳಲು ಊದುತ್ತೇನೆ. ಒಂದು ದಿನ ಬ್ಯಾಂಕಿಗೆ ಬಂದು, ಸಾಲಿನ ಕೊನೆಯಲ್ಲಿ ನಿಂತೇ "ಫ್ಲೂಟಮ್ಮಾ, ನಿನ್ನೆ ಆ ನಿಷಾದ ಯಾಕೆ ಹಾಗೆ ನರಳ್ತಿತ್ತು?" ಎಂದು ಕೂಗಿದರು. ಅಂದಿನಿಂದ ನಮ್ಮ ಮ್ಯಾನೇಜರು ಕೂಡ ನನ್ನನ್ನು ಫ್ಲೂಟಮ್ಮ ಎನ್ನುತ್ತಾರೆ.

ನಮ್ಮ ಗುಂಪಿಗೆ ಅವರಿಟ್ಟ ಹೆಸರು ವುಡ್‌ವಿಂಡ್ ಆನ್‌ಸಾಂಬ್ಲ್. ಮರದ ಊದುವಾದ್ಯಗಳ ಮೇಳ ಎಂದರ್ಥ, ಅದನ್ನು ಮೂಗಿನಲ್ಲಿ ಹೇಳಬೇಕಂತೆ. ಊರಿನವರು ಮೂಗಿಗೆ ತೊಂದರೆ ಕೊಡದೆ ಪೀಪಿ ಗುಂಪು ಎಂದರು. ಗುಂಪಿನಲ್ಲಿದ್ದ ಸ್ಯಾಕ್ಸೊಫೋನಿನವನಿಗೆ ಒಂದು ಸಂಶಯ ಬಂತು: ತನ್ನದು ಹಿತ್ತಾಳೆ, ಮರದ ವಾದ್ಯಗಳ ಜೊತೆ ತಾನು ಕೂರಬಹುದೇ? "ನಿನ್ನದು ಹಿತ್ತಾಳೆಯೇ. ಆದರೆ ನಾಲಿಗೆ ಮರದ್ದು. ಕೂತ್ಕೊ" ಎಂದರು ಮಾಸ್ಟರು. ಅವನ ವಾದ್ಯದ ಬಾಯಿಗೆ ಕಟ್ಟುವ ರೀಡೆಂಬ ತೆಳು ಪಟ್ಟಿಯ ಬಗ್ಗೆ ಹೇಳಿದರೋ ಅವನ ಬಗ್ಗೆ ಹೇಳಿದರೋ ತಿಳಿಯದೆ ಅವನು ವಾರವಿಡೀ ಯೋಚಿಸಿದ. ನನ್ನ ಕೊಳಲಿನ ಸರದಿ ಬಂದಾಗ, ಬಿದಿರು ಮರವಲ್ಲ, ಹುಲ್ಲಿನ ಜಾತಿ, ನಿನ್ನನ್ನು ಕರುಣೆಯಿಂದ ಸೇರಿಸಿಕೊಂಡಿದ್ದೇನೆ ಎಂದರು.

ಇದ್ದ ವಾದ್ಯಗಳಲ್ಲಿ ದೊಡ್ಡದು ಬಸೂನು. ಆಳುದ್ದದ ಆ ಮರದ ಕೊಳವೆಯನ್ನು ಮಾಸ್ಟರು ಎಲ್ಲಿಂದಲೋ ಸಂಪಾದಿಸಿ ತಂದಿದ್ದರು, ಅರಮನೆಯದು ಎನ್ನುತ್ತಿದ್ದರು. ಅರಮನೆಯಲ್ಲಿ ಯಾವ ಕೋಣೆಯಲ್ಲಿತ್ತೋ ತಿಳಿಯದು, ನಾವು ಕಂಡಾಗ ಅದರ ಒಂದು ಕೀಲಿಗೆ ಸೈಕಲ್ ಟ್ಯೂಬು ಸುತ್ತಿತ್ತು. ಅದನ್ನು ಊದಲು ಎದೆಯಲ್ಲಿ ಗಾಳಿ ಬೇಕೆಂದು, ಪಶುವೈದ್ಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದ ಒಬ್ಬ ದಪ್ಪನೆಯ ಮಹನೀಯರನ್ನು ಹಿಡಿದು ತಂದರು. ಮೊದಲ ಸಲ ಅದರಿಂದ ಸದ್ದು ಹೊರಟಾಗ ಇನ್‌ಸ್ಪೆಕ್ಟರು ವಾದ್ಯವನ್ನು ಬಾಯಿಂದ ತೆಗೆದು ಹೇಳಿದರು: "ಈ ಸೌಂಡು ನಂಗೆ ಸರ್ವೀಸಲ್ಲೇ ಗೊತ್ತು ಸಾ. ಎಮ್ಮೆ ಕರ ಹಾಕೋಕ್ ಮುಂಚೆ ಬತ್ತದೆ."

ಕ್ಲಾರಿನೆಟ್ ಊದುವ ಶಿವಣ್ಣ ಹುಲ್ಲಹಳ್ಳಿಯವನು, ಮದುವೆ ವಾಲಗದ ಸೆಟ್ಟಿನಲ್ಲಿ ಮುಖ್ಯಸ್ಥ. ಅವನು ಮಾಸ್ಟರಿಗೆ ಸಿಕ್ಕಿದ ಬಗೆಯನ್ನು ಹುಲ್ಲಹಳ್ಳಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಒಂದು ಮದುವೆ. ಮುಹೂರ್ತ ಬಂತು, ಪುರೋಹಿತರು ಗಟ್ಟಿಮೇಳ ಎಂದು ಕೈ ಎತ್ತಿದರು, ಶಿವಣ್ಣನ ಸೆಟ್ಟು ಜೋರಾಗಿ ಶುರುಮಾಡಿತು. ಅತಿಥಿಗಳ ಸಾಲಿನಲ್ಲಿದ್ದ ಮಾಸ್ಟರು ಎದ್ದು ನಿಂತು "ಸ್ಟಾಪ್!" ಎಂದರು. ಪೊಲೀಸ್ ಗಂಟಲು. ವಾಲಗ ನಿಂತಿತು. ಮಾಸ್ಟರು ಶಿವಣ್ಣನ ಹತ್ತಿರ ಹೋಗಿ, "ಶ್ರುತಿ ಕೆಳಗಿದೆ. ಸರಿಮಾಡ್ಕೊ, ಆಮೇಲೆ ಊದು" ಎಂದರು. ಗಂಡಿನ ಕೈಯಲ್ಲಿ ತಾಳಿ, ಹೆಣ್ಣು ತಲೆ ತಗ್ಗಿಸಿಕೊಂಡು ಕೂತಿದ್ದಾಳೆ, ಹುಡುಗಿಯ ಸೋದರಮಾವ ಪಂಚೆ ಎತ್ತಿ ಕಟ್ಟಿಕೊಂಡು ಬರುತ್ತಿದ್ದಾನೆ. ಶಿವಣ್ಣ ಮಾತ್ರ ತಣ್ಣಗೆ ವಾದ್ಯದ ಕೊರಳನ್ನು ಇಷ್ಟು ಒತ್ತಿ ಶ್ರುತಿ ಸರಿಮಾಡಿಕೊಂಡನಂತೆ. "ಏನ್ ಮಾಡದು ಕಣಕ್ಕ, ಆ ನನ್ಮಗ ಏಳಿದ್ದು ಸರ್ಯಾಗೇ ಇತ್ತು" ಎಂದು ಅವನು ನನಗೆ ಹೇಳಿದ್ದ. ಮುಂದಿನ ವಾರವೇ ಗಿರಣಿಯ ಮೆಟ್ಟಿಲು ಹತ್ತಿ ಬಂದ. ಆ ಮದುವೆಯ ಗಂಡು ಹೆಣ್ಣು ಚೆನ್ನಾಗಿ ಬಾಳುತ್ತಿದ್ದಾರೆ, ಅದರ ಕೀರ್ತಿಯನ್ನೂ ಮಾಸ್ಟರೇ ತೆಗೆದುಕೊಳ್ಳುತ್ತಿದ್ದರು.

ಅವರಿಗೆ ಒಂದು ಧರ್ಮವಿತ್ತು. ಕಾಗದದಲ್ಲಿ ಬರೆದಿರುವುದನ್ನು ಊದಬೇಕು, ಬರೆಯದೆ ಇರುವುದನ್ನು ಊದಬಾರದು. ಶಿವಣ್ಣನಿಗೆ ಇದು ಜನ್ಮದಲ್ಲಿ ಬಾರದ ಗುಣ. ನೆಟ್ಟಗೆ ಒಂದು ಸ್ವರವಿದ್ದರೆ ಅದಕ್ಕೊಂದು ಕುಚ್ಚು ಕಟ್ಟದೆ ಅವನ ಬೆರಳು ಸುಮ್ಮನಿರುವುದಿಲ್ಲ. ಅವನು ಹಾಗೆ ಊದಿದೊಡನೆ ಮಾಸ್ಟರು ಮೇಳ ನಡೆಸುವ ಕಡ್ಡಿಯಿಂದ ಕಾಗದದ ಸ್ಟ್ಯಾಂಡನ್ನು ಬಡಿದು, "ಎಲ್ಲಿದೆ ಅದು? ತೋರಿಸು" ಎನ್ನುವರು. ಶಿವಣ್ಣ ಕಾಗದವನ್ನು ನೋಡಿ, ನಮ್ಮನ್ನು ನೋಡಿ, "ಇಲ್ಲ ಸಾ" ಎನ್ನುವನು. "ಇಲ್ಲದ್ದನ್ನು ಊದೋಕೆ ನೀನೇನು ದೇವರಾ?" ವರ್ಷಗಟ್ಟಲೆ ಇದೇ ಮಂತ್ರ ಕೇಳಿ ಕೇಳಿ ನಾವೆಲ್ಲ ಕಾಗದದ ಗುಲಾಮರಾದೆವು. ಶಿವಣ್ಣನೂ ಆದ. ಕಾಗದ ಮುಗಿದರೆ ನಮ್ಮ ಉಸಿರೂ ಅಲ್ಲಿಗೇ ನಿಲ್ಲುತ್ತಿತ್ತು.

ಅವರು ಮಾತ್ರ ಏನನ್ನೂ ಊದುತ್ತಿರಲಿಲ್ಲ. ಮೇಳಕ್ಕೆ ಕಂಡಕ್ಟರಾದವನು ಊದಬಾರದು, ಅದು ಅಂತಾರಾಷ್ಟ್ರೀಯ ನಿಯಮ ಎನ್ನುತ್ತಿದ್ದರು. ಅಸಲು ಕಾರಣ ನಂಜನಗೂಡಿಗೆಲ್ಲ ಗೊತ್ತಿತ್ತು. ಮುಂದಿನ ಹಲ್ಲುಗಳು ಹೋಗಿ ಕಟ್ಟಿಸಿಕೊಂಡ ಹಲ್ಲು ಬಂದ ಮೇಲೆ ಕ್ಲಾರಿನೆಟ್ಟು ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಜೋರಾಗಿ ಬಯ್ಯುವಾಗ ಅದು ಲಟಕ್ಕೆನ್ನುತ್ತಿತ್ತು. ನಾವು ಯಾರೂ ನಗುತ್ತಿರಲಿಲ್ಲ, ಕೆಳಗೆ ಗಿರಣಿಯವನು ನಗುತ್ತಿದ್ದ.

ಈ ಮಹಾಶಯರು ತಮ್ಮ ಬದುಕಿನ ದೊಡ್ಡ ಕೆಲಸವೆಂದು ಹಿಡಿದದ್ದು 'ತೆಪ್ಪದ ಚೆಲುವಾಜಮ್ಮ' ಎಂಬ ಪದವನ್ನು. ನರಸೀಪುರದ ಕಡೆ ಹೊಳೆಯಂಚಿನ ಹಳ್ಳಿಗಳಲ್ಲಿ ಹೆಂಗಸರು ಹಾಡುವ ಕಥನದ ಪದ. ಅದನ್ನು ಪೂರ್ತಿಯಾಗಿ ವುಡ್‌ವಿಂಡಿಗೆ ಇಳಿಸಬೇಕು, ಮಾತಿಲ್ಲದೆ ಬರೀ ಊದಿ ಕಥೆ ಹೇಳಬೇಕು ಎಂಬುದು ಅವರ ಹಟ. "ಇದನ್ನು ಲಂಡನ್ನಲ್ಲಿ ಕೇಳಬೇಕು, ವಿಯೆನ್ನಾದಲ್ಲಿ ಕೇಳಬೇಕು" ಎನ್ನುತ್ತಿದ್ದರು. ಅವರ ಹೆಂಡತಿ ನನಗೆ ಕಾಫಿ ಕೊಡುತ್ತ ಒಂದು ದಿನ ಗುಟ್ಟು ಬಿಚ್ಚಿದರು.

"ಲಂಡನ್ನೂ ಇಲ್ಲ, ಗಿಂಡನ್ನೂ ಇಲ್ಲ ಕಣಮ್ಮ. ಅವರಕ್ಕ ಕೇಳಬೇಕು, ಅಷ್ಟೆ. ಅಮ್ಮ ಹೋದಾಗ ಇವರಿನ್ನೂ ಕೂಸು. ಈ ಪದ ಹೇಳಿ ಹೇಳಿ ಸಾಕಿದ್ದು ಅವರೇ. ಬ್ಯಾಂಡಿಗೆ ಸೇರಿದ ವರ್ಷ ಯೂನಿಫಾರಂ ಹಾಕ್ಕೊಂಡು ಹೋಗಿ, ಅಕ್ಕನ ಮುಂದೆ ಕ್ಲಾರಿನೆಟ್ಟಲ್ಲಿ ಇದನ್ನೇ ಊದಿದ್ರಂತೆ. ಅವರು ಪೂರ್ತಿ ಕೇಳಿ, 'ಸದ್ದೇನೋ ಚೆನ್ನಾಗದೆ, ಏನ್ಲಾ ಏಳ್ತದೆ ಅದು?' ಅಂದ್ರಂತೆ. ಅವತ್ತಿಂದ ಇವರಿಗೆ ಸರಿಯಾಗಿ ನಿದ್ದೆ ಇಲ್ಲ, ನನಗೂ ಇಲ್ಲ."

ಅದಾದ ಮೇಲೆ ಮಾಸ್ಟರು ಬಯ್ಯುವಾಗ ನನಗೆ ಮೊದಲಿನಷ್ಟು ಕೋಪ ಬರಲಿಲ್ಲ. ಅರ್ಧದಷ್ಟು ಬರುತ್ತಿತ್ತು.

ಪದವನ್ನು ಬರೆದುಕೊಳ್ಳಲು ಅಕ್ಕನ ಊರಿಗೆ ಹೋಗುವಾಗ ಒಂದು ಸಲ ನನ್ನನ್ನೂ ಕರೆದುಕೊಂಡು ಹೋದರು. ಅಕ್ಕ ಹೇಳಿದ ಸ್ವರವನ್ನು ಅಲ್ಲೇ ಊದಿ ತೋರಿಸಲು ಒಬ್ಬರು ಬೇಕಿತ್ತು. ನರಸೀಪುರದ ಬಸ್ಸಿನಲ್ಲಿ ಸುತ್ತೂರು ದಾಟುವವರೆಗೂ ಅವರು ಜಾನಪದ ಕಲೆಗೆ ಶಿಸ್ತು ಇಲ್ಲದೆ ಇರುವುದರ ಬಗ್ಗೆ ಭಾಷಣ ಮಾಡಿದರು. ಪಕ್ಕದ ಸೀಟಿನವರು ಇಳಿಯುವ ಊರು ಬರುವ ಮೊದಲೇ ಎದ್ದು ಬಾಗಿಲ ಹತ್ತಿರ ನಿಂತರು.

ಅಕ್ಕ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಮ್ಮನಿಗಿಂತ ಎತ್ತರ, ತಮ್ಮನಿಗಿಂತ ದೊಡ್ಡ ಗಂಟಲು. ನನ್ನನ್ನು ನೋಡಿದವರೇ, "ಬಾ ಕವ್ವ. ಇವ್ನ ಕೈಲಿ ನೀನೂ ಸಿಕ್ಕಾಕಂಡಿದ್ದೀಯ?" ಎಂದರು. ತಮ್ಮನನ್ನು ಹೇಗಿದ್ದೀಯ ಎಂದು ಕೇಳಲಿಲ್ಲ. ಅವರೆಕಾಯಿ ಇದ್ದ ಮೊರವನ್ನು ಅವರ ಕಡೆ ತಳ್ಳಿದರು. ರಿಟೈರ್ಡ್ ಬ್ಯಾಂಡ್ ಮಾಸ್ಟರು ಕಾಲು ಮಡಚಿ ಕೂತು ಸುಲಿಯತೊಡಗಿದರು.

ಪದದ ಕಥೆ ಇಷ್ಟು. ಹೊಳೆಯಾಚೆ ತಮ್ಮನಿಗೆ ಕಾಯಿಲೆ, ಪ್ರಾಣ ಉಳಿಯುವುದಿಲ್ಲ ಎಂದು ಚೆಲುವಾಜಮ್ಮನಿಗೆ ಸುದ್ದಿ ಬರುತ್ತದೆ. ಹೊಳೆ ತುಂಬಿದೆ, ತೆಪ್ಪ ಹಾಕಲು ಯಾವ ಗಂಡಸೂ ಒಪ್ಪುವುದಿಲ್ಲ. ತಾನೇ ಹುಟ್ಟು ಹಿಡಿದು ಹೊರಡುತ್ತಾಳೆ. ನಡುನೀರಿಗೆ ಬಂದಾಗ ಹೊಳೆ ಅವಳನ್ನು ತಡೆದು ಒಂದೊಂದೇ ಕೇಳುತ್ತದೆ. ಬಳೆ ಕೇಳುತ್ತದೆ, ಕೊಡುತ್ತಾಳೆ. ಮುಡಿದ ಹೂ ಕೇಳುತ್ತದೆ, ಕೊಡುತ್ತಾಳೆ. ತಾಳಿ ಕೇಳಿದಾಗ ಮಾತ್ರ ಜಗಳಕ್ಕೆ ನಿಲ್ಲುತ್ತಾಳೆ:

*ತಾಳೀಯ ಕೊಟ್ಟರೆ ಮನೆಯವನಿಗೇನ್ಹೇಳಲಿ*
*ಸರಿದು ನಿಲ್ಲೇ ತಾಯಿ ಪಕ್ಕಕ್ಕೆ*

ಹೊಳೆ ನಾಚಿಕೊಂಡು ದಾರಿ ಬಿಡುತ್ತದೆ. ಚೆಲುವಾಜಮ್ಮ ದಡ ಮುಟ್ಟಿ ಓಡೋಡಿ ಹೋದರೆ, ತಮ್ಮ ಗುಂಡುಕಲ್ಲಿನ ಹಾಗೆ ಕೂತು ಮುದ್ದೆ ಉಣ್ಣುತ್ತಿದ್ದಾನೆ. ಕಾಯಿಲೆ ಮೊನ್ನೆಯೇ ವಾಸಿಯಾಗಿದೆ. "ಏನಕ್ಕ, ಇಂಥ ಮಳೇಲಿ ಬಂದೆ?" ಎನ್ನುತ್ತಾನೆ. ಅವಳು ಕೈಯಲ್ಲಿದ್ದ ಹುಟ್ಟಿನಿಂದಲೇ ಅವನಿಗೆ ಬಾರಿಸುತ್ತಾಳೆ, ಆಮೇಲೆ ಅಪ್ಪಿಕೊಂಡು ಅಳುತ್ತಾಳೆ. ಕೇಳುವವರೆಲ್ಲ ನಗುವುದು ಅಲ್ಲಿಯೇ.

ಅಕ್ಕ ಶುರುಮಾಡಿದರು. ತೆಪ್ಪ ದಡ ಬಿಟ್ಟಿತು. ಬಳೆಯ ಸೊಲ್ಲು ಬಂದಾಗ ಮಾಸ್ಟರು ಪೆನ್ಸಿಲ್ ಎತ್ತಿ "ನಿಲ್ಸಕ್ಕ, ನಿಲ್ಸಕ್ಕ, ಇಲ್ಲೊಂದು ಸ್ವರ ಬರ್ಕೋತೀನಿ" ಎಂದರು. ಅಕ್ಕ ನಿಲ್ಲಿಸಲಿಲ್ಲ. ಕೈ ಬೀಸಿ ಸುಮ್ಮನಿರು ಎಂದು ಸನ್ನೆ ಮಾಡಿ, ಹೊಳೆ ದಾಟಿಸಿ, ತಮ್ಮನಿಗೆ ಹುಟ್ಟಿನಲ್ಲಿ ಹೊಡೆಸಿ, ಆಮೇಲೆ ಬಾಯಿ ಒರೆಸಿಕೊಂಡು ತಿರುಗಿದರು.

"ಏನ್ಲಾ ನೀನು? ಅವ್ಳು ನೀರ್ನಲ್ಲವ್ಳೆ, ನಿಲ್ಸು ಅಂತೀಯ? ಅಪ್ಪ ಇದ್ದಿದ್ರೆ ನಿನ್ ಬಾಯ್ ಮ್ಯಾಲೆ ಒಡೀತಿದ್ದ."

"ಅದು ಹಾಡು ಕಣಕ್ಕ."

"ಆಡೇ ಕಣ್ಲಾ. ಯಾರು ಅಲ್ಲ ಅಂದೋರು?"

ಆ ಕಡೆಯ ಕಟ್ಟಳೆ ಹಾಗೆ. ಅವರಪ್ಪ ಸೇತುವೆ ಬರುವ ಮುಂಚೆ ಹೊಳೆಯಲ್ಲಿ ತೆಪ್ಪ ಹಾಕುತ್ತಿದ್ದವರು. ಪದದಲ್ಲಿ ತೆಪ್ಪ ದಡ ಬಿಟ್ಟ ಮೇಲೆ ಆಚೆ ದಡ ಮುಟ್ಟುವವರೆಗೆ ಹಾಡುವವರು ನಿಲ್ಲಿಸಬಾರದು, ಕೇಳುವವರು ಏಳಬಾರದು, ಒಂದು ಗುಟುಕು ನೀರು ಕೂಡ ಕುಡಿಯಬಾರದು. ಅರ್ಧಕ್ಕೆ ಬಿಟ್ಟರೆ ಆ ಹೊತ್ತಿನಲ್ಲಿ ಹೊಳೆಯ ಮೇಲಿರುವ ಯಾರಿಗೋ ಕೇಡು. ಈಗ ಸೇತುವೆ ಇದೆ, ಆದರೂ ಮೀನಿಗೆ ಹೋಗುವವರು ಇದ್ದಾರಲ್ಲ. ಕೂಸು ಅಳಲಿ, ಬಸ್ಸು ತಪ್ಪಿಹೋಗಲಿ, ಚೆಲುವಾಜಮ್ಮ ಮೊದಲು ದಡ ಸೇರಬೇಕು. ಹೀಗಾಗಿ ಮಾಸ್ಟರ ಬರವಣಿಗೆ ಹೊಳೆಯ ಈಚೆ ದಡದಲ್ಲೇ ಬಹಳ ಕಾಲ ನಿಂತುಬಿಟ್ಟಿತ್ತು. ನಡುನೀರಿನ ಭಾಗವನ್ನು ಓಡುವ ಬಸ್ಸು ಹತ್ತುವವರ ಹಾಗೆ, ಪ್ರತಿ ಸಲ ಹೋದಾಗ ಒಂದೊಂದು ತುಣುಕು ಹಿಡಿದು ಬರೆದರು. ಅಕ್ಕ ಪ್ರತಿ ಸಲವೂ ಬೇರೆ ಥರ ಹಾಡುತ್ತಿದ್ದರು. ಯಾವುದು ಸರಿ ಎಂದು ಕೇಳಿದರೆ, "ಆಡಿದ್ದು ಸರಿ" ಎನ್ನುವರು.

ಅಂತೂ ಚೆಲುವಾಜಮ್ಮ ಕಾಗದಕ್ಕೆ ಇಳಿದಳು. ನನ್ನದೂ ಪಕ್ಕದ ಹುಡುಗನದೂ ಎರಡು ಕೊಳಲು ಚೆಲುವಾಜಮ್ಮ, ಸ್ಯಾಕ್ಸೊಫೋನು ಮಳೆಗಾಳಿ, ಬಸೂನು ಹೊಳೆ. ಶಿವಣ್ಣನ ಕ್ಲಾರಿನೆಟ್ಟು ತಾಳಿ ಕೇಳುವ ಕಡೆ ಹೊಳೆಯ ಪರವಾಗಿ ಜಗಳ ಮಾಡಬೇಕು. ಸುಳ್ಳು ಯಾಕೆ ಹೇಳಲಿ, ಕೆಲವು ಕಡೆ ಬಹಳ ಚೆನ್ನಾಗಿತ್ತು. ಹೊಳೆ ಬಳೆ ಕೇಳುವ ಜಾಗದಲ್ಲಿ ಬಸೂನು ಒಂದೇ ಸ್ವರದಲ್ಲಿ ನಿಂತು, ಮೇಲೆ ಎರಡು ಕೊಳಲು ನಡುಗುತ್ತ ಇಳಿಯುತ್ತಿದ್ದವು. ಅದನ್ನು ಊದುವಾಗ ನನಗೆ ಮೈ ಜುಮ್ಮೆನ್ನುತ್ತಿತ್ತು. ಇನ್‌ಸ್ಪೆಕ್ಟರು ಕೂಡ ಎಮ್ಮೆಯ ಮಾತೆತ್ತುವುದನ್ನು ಬಿಟ್ಟಿದ್ದರು. ಇಂಥ ಕೆಟ್ಟ ಬಾಯಿಯ ಮನುಷ್ಯನೊಳಗೆ ಇದು ಎಲ್ಲಿ ಅಡಗಿತ್ತು ಎಂದು ನಾನು ಯೋಚಿಸುವಷ್ಟರಲ್ಲಿ ಅವರು "ಫ್ಲೂಟಮ್ಮಾ, ನಡುಗು ಅಂದ್ರೆ ಚಳಿಜ್ವರ ಅಲ್ಲ" ಎನ್ನುವರು.

ಆಗ ನರಸೀಪುರದ ಒಂದು ಕಲಾಸಂಘದವರು ಹೊಳೆಯ ದಂಡೆಯಲ್ಲಿ ಮಧ್ಯಾಹ್ನದ ಕಾರ್ಯಕ್ರಮವೊಂದಕ್ಕೆ ಕರೆದರು. ಶಾಲು, ಹಾರ, ಪೇಟ ಎಲ್ಲ ಉಂಟು. ಊದಲು ಮಾತ್ರ ಸಮಯ ಕಡಿಮೆ, ಭಾಷಣಕಾರರು ಜಾಸ್ತಿ ಇದ್ದಾರಂತೆ. ಇನ್ನೊಬ್ಬರಾಗಿದ್ದರೆ ಮೊದಲಿನ ಮಳೆಯನ್ನೋ ಗಾಳಿಯನ್ನೋ ಕತ್ತರಿಸುತ್ತಿದ್ದರು. ಮಾಸ್ಟರು ಕೊನೆಯನ್ನು ಕತ್ತರಿಸಿದರು, ಅದರ ಕಾಗದ ನಮ್ಮ ಕೈಗೆ ಇನ್ನೂ ಬಂದಿರಲಿಲ್ಲ.

"ನಡುನೀರಲ್ಲಿ ನಿಲ್ಲಿಸ್ತೀವಿ," ಎಂದರು. "ಹೊಳೆ ತಾಳಿ ಕೇಳುತ್ತೆ, ಬಸೂನು ಕೆಳಗೆ ಹೋಗುತ್ತೆ, ಕಟ್. ಜನ ಉಸಿರು ಬಿಗಿ ಹಿಡಿದು ಕೂರ್ತಾರೆ. ಅದು ಕ್ಲೈಮ್ಯಾಕ್ಸು."

"ಅಂಗಾರೆ ತಮ್ಮನ ಮನೇಗೆ ಓಗೋದು?" ಎಂದ ಶಿವಣ್ಣ.

"ಇಷ್ಟು ಗಂಭೀರವಾಗಿ ಬಂದು ಕೊನೇಲಿ ಹುಟ್ಟಲ್ಲಿ ಹೊಡೆಯೋದೇನಯ್ಯಾ? ಅದು ಆರ್ಟಾ?"

"ಅಕ್ಕ ಬರ್ತಾರಲ್ಲ ಸಾರ್," ಎಂದೆ ನಾನು.

ಮಾಸ್ಟರು ನನ್ನ ಕಡೆ ನೋಡಲಿಲ್ಲ. "ಅವಳಿಗೆ ನಾನು ಹೇಳ್ತೀನಿ. ಇದು ಪದ ಅಲ್ಲ, ಕಾಂಪೊಸಿಷನ್ನು ಅಂತ." ಹೇಳಲಿಲ್ಲವೆಂದು ಆಮೇಲೆ ಗೊತ್ತಾಯಿತು. ಅಕ್ಕನಿಗೆ ಕಾಂಪೊಸಿಷನ್ನು ಎನ್ನುವ ಧೈರ್ಯ ಅವರಿಗೆ ಎಲ್ಲಿತ್ತು?

ಅಕ್ಕ ಬಂದರು. ಒಬ್ಬರೇ ಬರಲಿಲ್ಲ, ಓಣಿಯ ಹೆಂಗಸರನ್ನೆಲ್ಲ ಗೂಡ್ಸ್ ಆಟೋದಲ್ಲಿ ತುಂಬಿಕೊಂಡು ಬಂದು, ಗಣ್ಯರಿಗೆಂದು ಹಾಕಿದ್ದ ಮೊದಲ ಸಾಲಿನ ಕುರ್ಚಿಗಳಲ್ಲಿ ಕೂರಿಸಿದರು. ಗಣ್ಯರು ಎರಡನೆಯ ಸಾಲಿಗೆ ಹೋದರು. ಮಾಸ್ಟರು ವೇದಿಕೆಯ ಮೇಲಿಂದ ಅಕ್ಕನನ್ನು ಕಂಡದ್ದೇ ಕಡ್ಡಿಯನ್ನು ಒರೆಸಿದರು, ಕನ್ನಡಕ ಒರೆಸಿದರು, ಮತ್ತೆ ಕಡ್ಡಿಯನ್ನು ಒರೆಸಿದರು. ಅವರು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ನಾವು ಚೆನ್ನಾಗಿ ಊದಿದೆವು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಮಳೆ ಬಂತು, ತೆಪ್ಪ ದಡ ಬಿಟ್ಟಿತು. ಮೊದಲ ಸಾಲಿನ ಹೆಂಗಸರು ಬಾಯೊಳಗಿನ ಎಲೆಅಡಿಕೆಯನ್ನು ಅಗಿಯುವುದನ್ನು ನಿಲ್ಲಿಸಿದರು. ಒಬ್ಬಾಕೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದವಳು ಮತ್ತೆ ಬಿಗಿ ಮಾಡಿ ತೊಡೆಯ ಮೇಲೆ ಇಟ್ಟುಕೊಂಡಳು. ಮಾತೇ ಇಲ್ಲದೆ ಬರೀ ಊದಿದ್ದರಲ್ಲೇ ಅವರಿಗೆ ಕಥೆ ಗೊತ್ತಾಗಿತ್ತು. ಮಾಸ್ಟರೂ ಒಮ್ಮೆ ಹೆಗಲ ಮೇಲಿಂದ ತಿರುಗಿ ಅದನ್ನು ಕಂಡರು. ಹೊಳೆ ತಾಳಿ ಕೇಳಿತು, ಬಸೂನು ಕೆಳಕ್ಕೆ ಇಳಿಯಿತು, ಮಾಸ್ಟರು ಕಡ್ಡಿಯನ್ನು ಗಾಳಿಯಲ್ಲಿ ಕಡಿದರು. ಕಟ್.

ಗಣ್ಯರು ಚಪ್ಪಾಳೆ ತಟ್ಟಿದರು. ನಿರೂಪಕ ಮೈಕು ಹಿಡಿದು ಅದ್ಭುತ ಎಂದ. ಮಾಸ್ಟರಿಗೆ ಶಾಲು ಹೊದಿಸಿ, ಹಾರ ಹಾಕಿ, ತಲೆಗೆ ಪೇಟ ಇಟ್ಟರು. ಅಧ್ಯಕ್ಷರು ಭಾಷಣಕ್ಕೆಂದು ಎದ್ದರು. ಮೊದಲ ಸಾಲು ಮಾತ್ರ ಅಲ್ಲಾಡಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಅಕ್ಕ ಕುರ್ಚಿಯಲ್ಲೇ ಕೂತು ಕೂಗಿದರು.

"ಲೋ, ದಡ ಮುಟ್ಟುಸ್ಲಾ!"

ಅಧ್ಯಕ್ಷರು ತಮಗೇ ಏನೋ ಹೇಳಿದರೆಂದು ಹಿಂದೆ ಸರಿದರು. ಮಾಸ್ಟರು ವೇದಿಕೆಯ ಅಂಚಿಗೆ ಬಂದು ಮೆಲ್ಲಗೆ, "ಮುಗೀತು ಕಣಕ್ಕ, ಇಷ್ಟೇ" ಎಂದರು.

"ಏನ್ ಮುಗೀತು? ಅವ್ಳು ಅಲ್ಲೇ ಅವ್ಳಲ್ಲಾ ನೀರ್ನಲ್ಲಿ. ನಮ್ ಐಕಳು ಮೀನ್ಗೆ ಓಗವ್ರೆ. ನಾವು ಎಂಗ್ಲಾ ಏಳದು?"

ನಿರೂಪಕ ಸಮಾಧಾನ ಮಾಡಲು ನೋಡಿದ. ಸಂಘದ ಕಾರ್ಯದರ್ಶಿ ಬಂದು ಊಟ ಸಿದ್ಧವಾಗಿದೆ ಎಂದ. ಊಟ ಎಂಬ ಮಾತಿಗೂ ಏಳದ ಜನರನ್ನು ಅವನು ಅದುವರೆಗೆ ಕಂಡಿರಲಿಲ್ಲವೆಂದು ತೋರುತ್ತದೆ, ಕಣ್ಣು ಕಣ್ಣು ಬಿಟ್ಟುಕೊಂಡು ನಿಂತ. ವೇದಿಕೆಯ ಹಿಂದಿದ್ದ ಹೊಳೆಯಲ್ಲಿ ನಿಜವಾಗಿಯೂ ಎರಡು ತೆಪ್ಪಗಳಿದ್ದವು. ಹೆಂಗಸರೆಲ್ಲ ಅತ್ತ ನೋಡುತ್ತಿದ್ದರು. ಅವರಲ್ಲಿ ಒಬ್ಬಾಕೆಯ ಕಣ್ಣಲ್ಲಿ ನೀರು ಬಂದಿತ್ತು.

ಮಾಸ್ಟರು ನಮ್ಮ ಕಡೆ ತಿರುಗಿದರು. ಮುಖ ಸುಣ್ಣದ ಹಾಗಿತ್ತು. "ಉಳಿದದ್ದನ್ನ ಊದ್ರಿ" ಎಂದರು. ನಾವು ಸ್ಟ್ಯಾಂಡಿನ ಮೇಲಿದ್ದ ಕಾಗದವನ್ನು ನೋಡಿದೆವು. ಅಲ್ಲಿ ಕೊನೆಯ ಗೆರೆ ಎಳೆದು ಮುಗಿಸಿಯಾಗಿತ್ತು. ನನ್ನ ಬೆರಳುಗಳು ಏಳಲೇ ಇಲ್ಲ. ಅಕ್ಕನ ಬಾಯಲ್ಲಿ ಪೂರ್ತಿ ಕೇಳಿದವಳು ನಾನು, ಆದರೂ ಕಾಗದವಿಲ್ಲದೆ ಯಾವ ಸ್ವರದಿಂದ ಹಿಡಿಯಬೇಕೆಂದು ತೋಚಲಿಲ್ಲ. ಎಲ್ಲರೂ ಶಿವಣ್ಣನನ್ನು ನೋಡಿದೆವು. ಬರೆಯದ್ದನ್ನು ಊದಬಲ್ಲವನು ನಮ್ಮಲ್ಲಿ ಅವನೊಬ್ಬನೇ. ಶಿವಣ್ಣ ಕ್ಲಾರಿನೆಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಬಹಳ ವಿನಯದಿಂದ ಹೇಳಿದ:

"ಕಾಗ್ದದಲ್ಲಿ ಇಲ್ವಲ್ಲ ಸಾ."

ಇಷ್ಟು ವರ್ಷದ ಬಯ್ಗುಳಕ್ಕೆ ಅವನು ಕೊಟ್ಟ ಉತ್ತರ ಅದೊಂದೇ. ಆಗ ನನಗೆ ಒಳಗೊಳಗೇ ಖುಷಿಯಾಯಿತು. ಮಾಸ್ಟರು ನಮ್ಮನ್ನೆಲ್ಲ ಒಂದು ಸಲ ನೋಡಿ, ಏನೂ ಬಯ್ಯದೆ, ಮೈಕಿನ ಕಡೆ ನಡೆದರು. ನಮಗೆ ಬೆನ್ನು ಮಾಡಿ ಕರವಸ್ತ್ರ ತೆಗೆದರು. ಬಾಯೊಳಗಿನದನ್ನು ಅದರಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಆಮೇಲೆ ಹಾಡಿದರು.

ಹಾಡು ಎಂದು ನಾನು ಹೇಳುತ್ತಿದ್ದೇನೆ. ಹಲ್ಲಿಲ್ಲದ ಬಾಯಿ, ಪರೇಡಿನಲ್ಲಿ ಕೂಗಿ ಕೂಗಿ ಸೀಳಿದ ಗಂಟಲು. ಶ್ರುತಿ ಎಲ್ಲೋ ಇತ್ತು, ಅವರು ಎಲ್ಲೋ ಇದ್ದರು. ಪೇಟ ಹಣೆಯ ಮೇಲೆ ಜಾರುತ್ತಿತ್ತು. ಬೇರೆ ಯಾರಾದರೂ ಹೀಗೆ ಹಾಡಿದ್ದರೆ ಮಾಸ್ಟರು ಮದುವೆ ಮಂಟಪದಲ್ಲಾದರೂ ಎದ್ದು ನಿಲ್ಲಿಸುತ್ತಿದ್ದರು. ಆದರೆ ಸರಿದು ನಿಲ್ಲೇ ತಾಯಿ ಪಕ್ಕಕ್ಕೆ ಎಂದು ಅವರು ಹೊಳೆಯನ್ನು ಗದರಿದಾಗ ಹೊಳೆ ಸರಿಯುತ್ತದೆ ಎಂದೇ ನನಗೆ ಅನ್ನಿಸಿತು. ಚೆಲುವಾಜಮ್ಮ ದಡ ಮುಟ್ಟಿದಳು. ತಮ್ಮ ಮುದ್ದೆ ಉಣ್ಣುತ್ತಿದ್ದ. "ಏನಕ್ಕ, ಇಂಥ ಮಳೇಲಿ ಬಂದೆ?" ಎಂಬ ಸೊಲ್ಲನ್ನು ಮಾಸ್ಟರು ಅಕ್ಕನ ಮುಖ ನೋಡಿಕೊಂಡೇ ಹಾಡಿದರು. ಹೆಂಗಸರು ಕುರ್ಚಿ ಅಲುಗುವ ಹಾಗೆ ನಕ್ಕರು. ಬಾಟಲಿಯವಳು ಗಟಗಟ ನೀರು ಕುಡಿದಳು.

ಅಕ್ಕ ಎದ್ದು ವೇದಿಕೆಯ ಹತ್ತಿರ ಬಂದರು. ಮಾಸ್ಟರು ಬಗ್ಗಿದರು. ಅಕ್ಕ ಅವರ ಪೇಟವನ್ನು ಸರಿಮಾಡಿ, ಕೆನ್ನೆಗೆ ಮೆಲ್ಲಗೆ ಒಂದು ಬಿಟ್ಟರು.

"ಈಗ ಸರೋಯ್ತು ಕಣ್ಲಾ," ಎಂದರು. "ಇಷ್ಟ್ ಚೆನ್ನಾಗಿ ಏಳೋನು, ಆ ಪೀಪಿಗೋಳ್ನೆಲ್ಲ ಯಾಕ್ಲಾ ಒತ್ಕಂಡ್ ಬಂದೆ?"

ಮೈಕು ಅಲ್ಲೇ ಇತ್ತು. ದೊಡ್ಡ ಗಂಟಲಿನ ಆ ಮಾತು ಇಡೀ ಸಭೆಗೆ ಕೇಳಿಸಿತು.

ವಾಪಸು ಬರುವಾಗ ಟೆಂಪೊದಲ್ಲಿ ವಾದ್ಯಗಳೆಲ್ಲ ಕಾಲ ಬುಡದಲ್ಲಿ ಬಿದ್ದಿದ್ದವು. ಮಾಸ್ಟರು ಡ್ರೈವರ್ ಪಕ್ಕದಲ್ಲಿ ಕೂತಿದ್ದರು, ಹಾರವನ್ನು ಇನ್ನೂ ತೆಗೆದಿರಲಿಲ್ಲ. ಅವರು ಬ್ಯಾಂಡಿಗೆ ಸೇರಿದ ವರ್ಷದಿಂದ ಆ ಹೊತ್ತಿನವರೆಗೆ ಹೊತ್ತುಕೊಂಡು ತಿರುಗಿದ ಕೆಲಸವನ್ನು ಅಕ್ಕ ಎರಡು ಮಾತಿನಲ್ಲಿ ಮುಗಿಸಿದ್ದರು. ಊರು ಸೇರಿದ ಮೇಲೆ ಕ್ಲಾಸು ಮುಚ್ಚುತ್ತಾರೆ ಎಂದು ನಾನು ಅಂದುಕೊಂಡೆ. ಸುತ್ತೂರಿನ ಹತ್ತಿರ ಅವರು ಹಿಂದಕ್ಕೆ ತಿರುಗಿದರು.

"ಅಕ್ಕ ಏನಂದ್ಲು, ಕೇಳಿಸ್ತಾ?"

ಇನ್‌ಸ್ಪೆಕ್ಟರು ಬಸೂನಿನ ಸೈಕಲ್ ಟ್ಯೂಬನ್ನು ಬಿಗಿ ಮಾಡತೊಡಗಿದರು.

"ಸರಿಹೋಯ್ತು ಅಂದ್ಲು," ಎಂದರು. ಹಲ್ಲು ಇನ್ನೂ ಜೇಬಿನಲ್ಲೇ ಇತ್ತು, ಮುಖ ಮಗುವಿನ ಹಾಗೆ ಕಾಣುತ್ತಿತ್ತು. "ಅವಳು ನನಗೆ ಹಾಗಂದಿದ್ದು ಇದೇ ಮೊದಲು. ನಮ್ಮ ಕಾಂಪೊಸಿಷನ್ನು ಅವಳಿಗೆ ಹಿಡೀತು ಕಣ್ರಯ್ಯಾ."

ಅಕ್ಕನ ಎರಡನೆಯ ಮಾತು ಟೆಂಪೊದಲ್ಲಿದ್ದ ಎಲ್ಲರ ಕಿವಿಯಲ್ಲೂ ಇತ್ತು. ನಾನು ಶಿವಣ್ಣನ ಕಡೆ ನೋಡಿದೆ. ನಮ್ಮೆಲ್ಲರಿಗಿಂತ ಹೆಚ್ಚು ಬೈಸಿಕೊಂಡವನು, ಮದುವೆಮನೆಗಳಲ್ಲಿ ವಾಲಗ ಊದಿ, ಹಾಸ್ಯ ಮಾಡಿ ಬಾಳಿದವನು. ಆ ಮಾತು ಅವನ ನಾಲಿಗೆಯ ತುದಿಗೆ ಬಂದದ್ದು ನನಗೆ ಕಾಣಿಸಿತು. ಅವನು ಒಂದು ಸಲ ಕೆಮ್ಮಿದ.

"ಊಂ ಸಾ," ಎಂದ. "ಅಷ್ಟೇ ಅಂದಿದ್ದು. ನಾವೂ ಕೇಳುಸ್ಕಂಡೊ."